ಫ್ಯಾನು ಎರಡು ಸಲ ತಿರುಗುವವರೆಗೆ

ನನ್ನ ಭಾವ ಈಗ ಒಂದು ದೊಡ್ಡ ಅಂಗಡಿ ಕಟ್ಟಡದ ನೆಲಮಾಳಿಗೆಯಲ್ಲಿ ಕೂತು, ಒಳಗೆ ಬರುವ ಕಾರುಗಳಿಗೆ ಚೀಟಿ ಹರಿದು ಕೊಡುತ್ತಾರೆ. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಒಂದು ಗಾಜಿನ ಗೂಡು, ಒಂದು ಪ್ಲಾಸ್ಟಿಕ್ ಕುರ್ಚಿ, ತಲೆಯ ಮೇಲೆ ಸದಾ ಮಿಟುಕುವ ಟ್ಯೂಬ್‌ಲೈಟು. ಅವರನ್ನು ಅಲ್ಲಿ ಕೂರಿಸಿದವನು ನಾನು. ಕೆಲಸ ಕೊಡಿಸಿದೆ ಅಂತ ತಿಳಿಯಬೇಡಿ. ಇಪ್ಪತ್ತೆರಡು ವರ್ಷ ಮಾಡಿದ ಕೆಲಸವನ್ನೂ ಅದರ ಜೊತೆಗಿದ್ದ ಹೆಸರನ್ನೂ ಅವರ ಕೈಯಿಂದ ಕಿತ್ತವನು ನಾನು. ಅದಕ್ಕೆ ದೊಡ್ಡ ಪಿತೂರಿಯನ್ನೇನೂ ಮಾಡಲಿಲ್ಲ. ಆಡಬೇಕಾದ ಹೊತ್ತಿನಲ್ಲಿ ಒಂದು ಮಾತು ಆಡಲಿಲ್ಲ, ಅಷ್ಟೆ. ಮಾತು ಬೆಳ್ಳಿ ಮೌನ ಬಂಗಾರ ಅಂತ ಮೊದಲು ಹೇಳಿದವನು ಯಾರೋ ಗೊತ್ತಿಲ್ಲ. ಸಿಕ್ಕರೆ ಕಪಾಳಕ್ಕೆ ಎರಡು ಬಿಗಿಯುವ ಆಸೆಯಿದೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಕಾರು ರಿಪೇರಿ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಅಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಪಾಯಿಂಟ್ ಫೈವ್’ ಅನ್ನುತ್ತಿದ್ದರು. ಆ ಹೆಸರು ಬಂದದ್ದು ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿಯಿಂದ.

ಕಾರಿನಲ್ಲಿ ನಾವು ಆಕ್ಸಿಲರೇಟರ್ ಒತ್ತಿದಾಗ, ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯೊಳಗಿನ ಒಂದು ಬಿಲ್ಲೆ ತಿರುಗಿ ದಾರಿ ಬಿಡುತ್ತದೆ. ಆ ಬಿಲ್ಲೆಯ ಪಕ್ಕದಲ್ಲೇ ಕೂತಿರುತ್ತದೆ ಈ ಡಬ್ಬಿ, ಥ್ರಾಟಲ್ ಸೆನ್ಸರ್. ಅದರ ಕೆಲಸ ಚಾಡಿ ಹೇಳುವುದು. ಬಿಲ್ಲೆ ಎಷ್ಟು ತೆರೆದಿದೆ ಎನ್ನುವುದನ್ನು ಅದು ವೋಲ್ಟಿನಲ್ಲಿ ಎಂಜಿನ್ನಿನ ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರು ಆ ಚಾಡಿಯನ್ನು ನಂಬಿ ಪೆಟ್ರೋಲು ಬಿಡುತ್ತದೆ. ನಮ್ಮಲ್ಲಿಗೆ ಬರುತ್ತಿದ್ದ ಹಳೆಯ ಕಾರುಗಳಲ್ಲಿ, ಬಿಲ್ಲೆ ಪೂರ್ತಿ ಮುಚ್ಚಿದಾಗ ಅದು ಅರ್ಧ ವೋಲ್ಟು ಹೇಳಬೇಕು. ಮೀಟರಿನಲ್ಲಿ ಸೊನ್ನೆ ಪಾಯಿಂಟ್ ಐದು. ವರ್ಷಗಳು ಕಳೆದ ಹಾಗೆ ಚಾಡಿಕೋರನಿಗೂ ಮರೆವು ಬರುತ್ತದೆ. ಆಗ ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಆಫ್ ಆಗುತ್ತದೆ, ಇಲ್ಲವೇ ಕಾಲಿಟ್ಟರೂ ಮುಂದೆ ಹೋಗದೆ ಮೊಂಡು ಹಿಡಿಯುತ್ತದೆ.

ಸರಿ ಮಾಡುವುದು ಹೇಳುವುದಕ್ಕೆ ಸುಲಭ. ಎರಡು ಸ್ಕ್ರೂ ಸಡಿಲಿಸಿ, ಮೀಟರಿನ ಸೂಜಿಗಳನ್ನು ವೈರಿಗೆ ಚುಚ್ಚಿ, ಡಬ್ಬಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಪಾಯಿಂಟ್ ಐದು ಬಂದಾಗ ಬಿಗಿ ಮಾಡುವುದು. ಆದರೆ ಬಿಗಿ ಮಾಡುವಾಗ ಆ ಹಾಳಾದ್ದು ಮತ್ತೆ ಓಡುತ್ತದೆ. ಬೇರೆಯವರು ಹತ್ತು ಸಲ ಸಡಿಲಿಸಿ ಹತ್ತು ಸಲ ಬಿಗಿ ಮಾಡಿ, ಹನ್ನೊಂದನೆಯ ಸಲ ಕಾರು ತಯಾರಿಸಿದವನ ತಾಯಿಯನ್ನು ನೆನೆಯುತ್ತಿದ್ದರು. ಭಾವ ಎಷ್ಟು ಓಡುತ್ತದೆ ಅಂತ ಮೊದಲೇ ಅಂದಾಜು ಮಾಡಿ ಅಷ್ಟು ಹಿಂದಕ್ಕೆ ನಿಲ್ಲಿಸುತ್ತಿದ್ದರು. ಸ್ಕ್ರೂ ಬಿಗಿದಾಗ ಅದು ತಾನಾಗಿ ಬಂದು ಪಾಯಿಂಟ್ ಐದರಲ್ಲಿ ಕೂರುತ್ತಿತ್ತು. ಒಂದೇ ಸಲಕ್ಕೆ. ನಾನು ಹನ್ನೊಂದು ವರ್ಷ ನೋಡಿದ್ದೇನೆ, ಎರಡನೆಯ ಸಲ ಸ್ಕ್ರೂಗೆ ಕೈ ಹಾಕಿದ್ದನ್ನು ನೋಡಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಭಾವ ದೇವರಂಥ ಮನುಷ್ಯ ಅಂದುಕೊಳ್ಳಬೇಡಿ. ಅವರಿಗೆ ಮೂಗಿನ ತುದಿಯಲ್ಲೇ ಕೋಪ. ಯಾರಾದರೂ ಮೀಟರಿನ ವೈರು ಸುತ್ತದೆ ಇಟ್ಟರೆ ಅವರ ಏಳು ತಲೆಮಾರನ್ನು ಎಳೆದು ತರುತ್ತಿದ್ದರು. ನಾನು ಎರಡು ಕಡೆ ಕೆಲಸ ಕಳೆದುಕೊಂಡು, ಮೂವತ್ತನೆಯ ವಯಸ್ಸಿನಲ್ಲಿ, ಅಕ್ಕ ಕಣ್ಣೀರು ಹಾಕಿದ್ದಕ್ಕೆ ಅವರ ಕೈಕೆಳಗೆ ಸೇರಿದವನು. ಅದನ್ನು ವಾರಕ್ಕೊಮ್ಮೆಯಾದರೂ ಎಲ್ಲರೆದುರು ನೆನಪಿಸುತ್ತಿದ್ದರು. "ನಿಮ್ಮಕ್ಕನ ಮುಖ ನೋಡ್ಕೊಂಡು ಇಟ್ಕೊಂಡಿದೀನಿ ಕಣಪ್ಪಾ, ನಿನ್ನ ಮುಖ ನೋಡ್ಕೊಂಡಲ್ಲ" ಅನ್ನುವುದು ಅವರ ಮಾಮೂಲಿ ಪಲ್ಲವಿ. ಎಲ್ಲರೂ ನಗುತ್ತಿದ್ದರು. ನಾನೂ ಇಂಗು ತಿಂದ ಮಂಗನ ಹಾಗೆ ಹಲ್ಲು ಕಿರಿಯುತ್ತಿದ್ದೆ.

ಕಲಿಸಿದ್ದು ಮಾತ್ರ ನಿಜ. ವೈರುಗಳ ಬಣ್ಣ, ಯಾವ ಸೂಜಿ ಎಲ್ಲಿ ಚುಚ್ಚಬೇಕು, ಸ್ಕ್ರೂ ಎಷ್ಟು ಸಡಿಲಿಸಬೇಕು, ಎಲ್ಲ ಕಲಿಸಿದರು. ಒಂದನ್ನು ಬಿಟ್ಟು. ಸೆನ್ಸರ್ ಕೆಲಸಕ್ಕೆ ಕಾರು ಬಂದರೆ ಭಾವ ಮೊದಲು ಎಂಜಿನ್ ಚಾಲೂ ಮಾಡಿ, ಪಕ್ಕದಲ್ಲೊಂದು ಹಳೇ ಟೈರಿನ ಮೇಲೆ ಟೀ ಲೋಟ ಹಿಡಿದು ಕೂರುತ್ತಿದ್ದರು. ಎಲ್ಲರನ್ನೂ ಬೇರೆ ಕೆಲಸಕ್ಕೆ ಅಟ್ಟುತ್ತಿದ್ದರು. "ಹೋಗ್ರೋ, ನಾನು ಎಂಜಿನ್ ಹತ್ರ ಸ್ವಲ್ಪ ಮಾತಾಡ್ಬೇಕು" ಅನ್ನುತ್ತಿದ್ದರು. ಪಾಯಿಂಟ್ ಫೈವ್ ಟೀಗೆ ನೆಪ ಹುಡುಕುತ್ತಾನೆ ಅಂತ ಎಲ್ಲರೂ ಆಡಿಕೊಳ್ಳುತ್ತಿದ್ದರು.

ಅದು ನೆಪವಲ್ಲ ಅಂತ ಕಂಡುಹಿಡಿದವನು ನಾನೊಬ್ಬನೇ. ಬಿಡಿಭಾಗಗಳ ಕಪಾಟಿನ ಹಿಂದೆ ನಿಂತು ಲೆಕ್ಕ ಹಾಕಿದ್ದೆ. ಎಂಜಿನ್ ಬಿಸಿಯಾಗಿ ಮುಂದಿನ ಫ್ಯಾನು ಒಂದು ಸಲ ತಿರುಗಿ ನಿಲ್ಲಬೇಕು, ಇನ್ನೊಂದು ಸಲ ತಿರುಗಿ ನಿಲ್ಲಬೇಕು, ಆಮೇಲೇ ಭಾವ ಎಂಜಿನ್ ಆರಿಸಿ ಸ್ಕ್ರೂಗೆ ಕೈ ಹಾಕುತ್ತಿದ್ದರು. ಏಕೆ ಅಂತ ನಾನೇ ಒಂದು ಹಳೇ ಬಿಡಿಭಾಗ ಬಿಚ್ಚಿ ನೋಡಿ ಅರ್ಥ ಮಾಡಿಕೊಂಡೆ. ತಣ್ಣಗಿನ ಎಂಜಿನ್ನು ಆಫ್ ಆಗದಿರಲಿ ಅಂತ ಆ ಕಾರುಗಳಲ್ಲಿ ಮೇಣ ತುಂಬಿದ ಒಂದು ಪುಟ್ಟ ಲೋಹದ ಗುಂಡಿಯಿರುತ್ತದೆ. ತಣ್ಣಗಿರುವಷ್ಟು ಹೊತ್ತು ಅದು ಬಿಲ್ಲೆಯನ್ನು ಒಂದು ಚೂರು ತೆರೆದೇ ಹಿಡಿದಿರುತ್ತದೆ, ಚೆನ್ನಾಗಿ ಬಿಸಿಯಾದ ಮೇಲೆ ಬಿಡುತ್ತದೆ. ಅಂದರೆ ತಣ್ಣಗಿದ್ದಾಗ ಮುಚ್ಚಿದೆ ಅಂತ ಕಾಣುವ ಬಿಲ್ಲೆ ನಿಜವಾಗಿ ಮುಚ್ಚಿರುವುದಿಲ್ಲ. ಆಗ ಸೆನ್ಸರ್ ಕೂರಿಸಿದರೆ, ಬಿಸಿಯಾದ ಮೇಲೆ ಅದು ಹೇಳುವುದೆಲ್ಲ ತಪ್ಪು.

ಭಾವ ಇದನ್ನು ಯಾರಿಗೂ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ. ಎಲ್ಲ ಹೇಳಿಕೊಟ್ಟರೆ ನಾಳೆ ನಾನ್ಯಾಕೆ ಬೇಕು ಎನ್ನುವ ಭಯ ಅವರಿಗೆ. ಅದು ಅವರ ಅನ್ನದ ಗುಟ್ಟು. ನಾನು ಕದ್ದು ಕಲಿತದ್ದನ್ನು ನಾನೂ ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಬೈಯುತ್ತಿದ್ದರು ಅನ್ನುವುದು ಒಂದು. ನನಗೂ ಒಂದು ಗುಟ್ಟು ಇರಲಿ ಅನ್ನುವ ಚಪಲ ಇನ್ನೊಂದು.

ಇನ್ನೊಂದು ಅಭ್ಯಾಸ ಹೇಳಿಬಿಡುತ್ತೇನೆ, ಎಲ್ಲ ಸಿಕ್ಕಿಬಿದ್ದದ್ದು ಅದರಲ್ಲಿ. ಪ್ರತಿ ಕಾರಿಗೂ ಒಂದು ಜಾಬ್ ಕಾರ್ಡು. ಏನು ಕೆಲಸ ಆಯಿತು ಅಂತ ಬರೆದು ಮಾಡಿದವನು ಸಹಿ ಹಾಕಬೇಕು. ಭಾವನಿಗೆ ಗ್ರೀಸಿನ ಕೈಯಲ್ಲಿ ಪೆನ್ನು ಹಿಡಿಯುವುದೆಂದರೆ ಆಗದು, ಕಾಗದ ಕೊಳೆಯಾಗುತ್ತದೆ ಅಂತ. ಹಾಗಾಗಿ ಸೋಮವಾರ ಬೆಳಗ್ಗೆ, ಕೈ ಇನ್ನೂ ಶುಭ್ರವಾಗಿರುವಾಗಲೇ, ವಾರಕ್ಕೆ ಬೇಕಾಗುವಷ್ಟು ಖಾಲಿ ಕಾರ್ಡುಗಳಿಗೆ ಸಾಲಾಗಿ ಸಹಿ ಹಾಕಿ ಡ್ರಾಯರಿನಲ್ಲಿ ಇಟ್ಟುಬಿಡುತ್ತಿದ್ದರು. ಕೆಲಸ ಮುಗಿದ ಮೇಲೆ ನಾನು ಮಿಕ್ಕದ್ದು ತುಂಬುತ್ತಿದ್ದೆ. ವರ್ಕ್‌ಶಾಪಿನಲ್ಲಿ ಇದು ಎಲ್ಲರಿಗೂ ಗೊತ್ತಿತ್ತು.

ಯಜಮಾನರಿಗೂ ಭಾವನಿಗೂ ಆಗಲೇ ಎಣ್ಣೆ ಸೀಗೇಕಾಯಿ. ಹಳೇ ಯಜಮಾನರ ಕಾಲದಲ್ಲಿ ಹೀಗಿರಲಿಲ್ಲ. ಮಗ ಕುರ್ಚಿಗೆ ಬಂದ ಮೇಲೆ ಒಂದು ಕಂಪ್ಯೂಟರ್ ಮೆಷಿನ್ ತಂದು, ಅದು ಯಾವ ಭಾಗದ ಹೆಸರು ತೋರಿಸುತ್ತದೋ ಆ ಭಾಗವನ್ನು ಬದಲಾಯಿಸಿಬಿಡಿ ಅಂದರು. ಸೆನ್ಸರ್ ಅಂದರೆ ಸೆನ್ಸರ್. ತಿರುಗಿಸುತ್ತ ಕೂರಬೇಡಿ.

"ಕೆಟ್ಟಿಲ್ಲ ಸಾರ್ ಅದು, ಜಾರಿದೆ ಅಷ್ಟೆ" ಅನ್ನುತ್ತಿದ್ದರು ಭಾವ.

"ಗಿರಾಕಿ ಮುಂದೆ ಅದನ್ನ ಹೇಳ್ಬೇಡಿ" ಅನ್ನುತ್ತಿದ್ದರು ಯಜಮಾನರು.

ಭಾವ ಗಿರಾಕಿಯ ಮುಂದೆಯೇ ಹೇಳುತ್ತಿದ್ದರು, ಅದೂ ದೊಡ್ಡ ದನಿಯಲ್ಲಿ. ಅವರಿಗೆಂದೇ ಬರುವ ಗಿರಾಕಿಗಳಿದ್ದರು. ಒಬ್ಬರು ಹಲ್ಲಿನ ಡಾಕ್ಟರಮ್ಮ. ಇಪ್ಪತ್ತು ವರ್ಷ ಹಳೆಯ ಕಾರನ್ನು ಮಾರಲೂ ಮನಸ್ಸಿಲ್ಲದೆ ಓಡಿಸುತ್ತಿದ್ದರು. "ನೀವೂ ನನ್ನ ಥರಾನೇ ನೋಡಿ, ಕೀಳೋದು ಕೊನೇಗೆ" ಅಂತ ಭಾವನಿಗೆ ಹೇಳಿ ನಗುತ್ತಿದ್ದರು. ಯಜಮಾನರು ಆ ನಗುವನ್ನು ತಮ್ಮ ಗಾಜಿನ ಕೋಣೆಯೊಳಗಿನಿಂದ ನೋಡುತ್ತಿದ್ದರು. ಭಾವನನ್ನು ಕಳಿಸುವುದಕ್ಕೆ ಒಂದು ಕಾರಣ ಬೇಕಾಗಿತ್ತು ಅವರಿಗೆ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಆ ಕಾರಣವನ್ನು ಹರಿವಾಣದಲ್ಲಿಟ್ಟು ಕೊಟ್ಟೆ.

ಅದು ಒಂದು ಗುರುವಾರ. ಹಿಂದಿನ ಸಂಜೆ ಡಾಕ್ಟರಮ್ಮ ಕಾರು ಬಿಟ್ಟುಹೋಗಿದ್ದರು, ಸಿಗ್ನಲ್ಲಿನಲ್ಲಿ ಆಫ್ ಆಗುತ್ತಿದೆ ಅಂತ. ಗುರುವಾರ ಬೆಳಗ್ಗೆ ಅಕ್ಕನಿಗೆ ಆಸ್ಪತ್ರೆಯಲ್ಲಿ ಕುತ್ತಿಗೆಯ ಗಂಟು ತೋರಿಸುವುದಿತ್ತು. ಭಾವ ಎಂಟೂವರೆಗೆ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಹಿಂದಿನ ಗೇಟಿನಿಂದ ಹೊರಟರು. ಅಂಥ ಎರಡು ಗಂಟೆಯ ತಪ್ಪಿಸಿಕೊಳ್ಳುವಿಕೆ ಎಲ್ಲರೂ ಮಾಡುತ್ತಿದ್ದದ್ದೇ. ಹೋಗುವಾಗ ನನಗೆ ಹೇಳಿದರು:

"ಡಾಕ್ಟರಮ್ಮನ ಕಾರು ಮುಟ್ಬೇಡ. ಹನ್ನೊಂದಕ್ಕೆ ಬಂದು ನಾನೇ ನೋಡ್ತೀನಿ."

ಒಂಬತ್ತಕ್ಕೆ ಡಾಕ್ಟರಮ್ಮ ಬಂದು ನಿಂತರು. ಒಂಬತ್ತೂವರೆಗೆ ಕ್ಲಿನಿಕ್ಕಿನಲ್ಲಿ ಯಾರಿಗೋ ಹಲ್ಲು ತೆಗೆಯುವುದಿದೆ, ಕಾರು ಬೇಕೇ ಬೇಕು ಅಂದರು. "ಅವರಿಲ್ವಾ?" ಅಂತ ಕೇಳಿದರು. ಆ ಪ್ರಶ್ನೆ ನನ್ನನ್ನು ಚುಚ್ಚಿತು. ಹನ್ನೊಂದು ವರ್ಷದಿಂದ ಎಲ್ಲರೂ ನನ್ನನ್ನು ನೋಡಿದ ತಕ್ಷಣ ಕೇಳುವುದು ಅದೊಂದನ್ನೇ, ಅವರಿಲ್ವಾ ಅಂತ.

"ನಾನೇ ಮಾಡ್ಕೊಡ್ತೀನಿ ಮೇಡಂ, ಹತ್ತು ನಿಮಿಷ" ಅಂದೆ.

ಎಂಜಿನ್ನು ರಾತ್ರಿಯೆಲ್ಲ ನಿಂತು ಕಲ್ಲಿನ ಹಾಗೆ ತಣ್ಣಗಿತ್ತು. ಫ್ಯಾನು ಎರಡು ಸಲ ತಿರುಗಬೇಕಾದರೆ ಅರ್ಧ ಗಂಟೆ ಬೇಕು. ನಾನು ಗೋಡೆಯ ಗಡಿಯಾರ ನೋಡಿದೆ. ಇಲ್ಲಿ ಸುಳ್ಳು ಹೇಳುವುದಿಲ್ಲ. ನನಗೆ ನೆನಪಿತ್ತು, ಚೆನ್ನಾಗಿ ನೆನಪಿತ್ತು. ಒಂದು ಚೂರು ಆಚೀಚೆ ಆದರೆ ಏನು ಮಹಾ, ನಾಳೆ ಕರೆಸಿ ಬಿಸಿಯಲ್ಲಿ ಮತ್ತೆ ಸರಿ ಮಾಡಿದರಾಯಿತು ಅಂತ ನನಗೆ ನಾನೇ ಹೇಳಿಕೊಂಡೆ. ಭಾವ ಬರುವುದರೊಳಗೆ ಮುಗಿಸಿ ಆ ಕಾರಿನ ಕೀಲಿಯನ್ನು ನನ್ನ ಕೈಯಿಂದ ಕೊಡಬೇಕು ಅನ್ನುವ ಆಸೆ ಎದೆಯಲ್ಲಿ ಕೂತಿತ್ತು. ಸ್ಕ್ರೂ ಸಡಿಲಿಸಿದೆ, ತಿರುಗಿಸಿದೆ, ಬಿಗಿ ಮಾಡಿದೆ. ನಾಲ್ಕನೆಯ ಸಲಕ್ಕೆ ಪಾಯಿಂಟ್ ಐದು ಬಂತು. ಡ್ರಾಯರಿನಿಂದ ಒಂದು ಕಾರ್ಡು ತೆಗೆದು ಅಭ್ಯಾಸಬಲದಿಂದ ತುಂಬಿದೆ. ಕೆಳಗೆ ಭಾವನ ಸಹಿ ಮೊದಲೇ ಇತ್ತು.

ಡಾಕ್ಟರಮ್ಮ "ಥ್ಯಾಂಕ್ಸಪ್ಪಾ" ಅಂದು ಹೊರಟರು. ಹನ್ನೊಂದಕ್ಕೆ ಭಾವ ಬಂದಾಗ, "ಅವರಿಗೆ ಅರ್ಜೆಂಟಿತ್ತು, ಕಾರು ಹಾಗೇ ತಗೊಂಡು ಹೋದ್ರು" ಅಂದೆ. ಏಕೆ ಹಾಗಂದೆನೋ. ಬೈಗುಳಕ್ಕೆ ಹೆದರಿ ಇರಬೇಕು. ನಲವತ್ತೊಂದು ವರ್ಷದ ಗಂಡಸು.

ಸಂಜೆಯೊಳಗೆ ಸುದ್ದಿ ಬಂತು. ಕ್ಲಿನಿಕ್ಕಿನಿಂದ ಮನೆಗೆ ಹೋಗುವಾಗ ಡಾಕ್ಟರಮ್ಮ ಅಡ್ಡರಸ್ತೆಯಿಂದ ದೊಡ್ಡ ರಸ್ತೆಗೆ ಕಾರು ತಿರುಗಿಸಿದ್ದಾರೆ. ಎಂಜಿನ್ನು ಚೆನ್ನಾಗಿ ಬಿಸಿಯಾಗಿದೆ. ಕಾಲೊತ್ತಿದರೆ ಕಾರು ಮುಂದೆ ಹೋಗದೆ ಬಿಕ್ಕಿದೆ. ಅಷ್ಟರಲ್ಲಿ ಒಂದು ಸರಕಿನ ವ್ಯಾನು ಬಂದು ಹಿಂಬಾಗಿಲಿಗೆ ಗುದ್ದಿದೆ. ಡಾಕ್ಟರಮ್ಮನ ಹೆಗಲ ಮೂಳೆ ಮುರಿದಿತ್ತು. ಪ್ರಾಣಕ್ಕೇನೂ ಅಪಾಯವಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಕಾರನ್ನು ಎಳೆದುಕೊಂಡು ಬಂದರು. ಹಿಂದಿನ ಭಾಗ ನುಜ್ಜುಗುಜ್ಜು, ಎಂಜಿನ್ನು ಸರಿಯಾಗಿತ್ತು. ಯಜಮಾನರು ಜಾಬ್ ಕಾರ್ಡು ಹಿಡಿದು ಗಾಜಿನ ಕೋಣೆಯಿಂದ ಹೊರಗೆ ಬಂದರು. ಕೆಲಸದವರೆಲ್ಲ ಸುತ್ತ ನಿಂತರು. ಭಾವ ಕಾರ್ಡು ನೋಡಿದರು. ನನ್ನ ಅಕ್ಷರ, ಅವರ ಸಹಿ. ಮೀಟರು ತಂದು ಸೂಜಿ ಚುಚ್ಚಿದರು.

ತಣ್ಣಗಿನ ಎಂಜಿನ್ನಿನಲ್ಲಿ ಮೀಟರು ಪಾಯಿಂಟ್ ಐದು ತೋರಿಸಿತು. ಆಮೇಲೆ ಎಂಜಿನ್ ಚಾಲೂ ಮಾಡಿ, "ಸ್ವಲ್ಪ ಹೊತ್ತು ನಿಂತ್ಕೊಳ್ಳಿ ಸಾರ್" ಅಂದರು. ಎಲ್ಲರೂ ಅರ್ಧ ಗಂಟೆ ನಿಂತೆವು. ಫ್ಯಾನು ಒಂದು ಸಲ ತಿರುಗಿ ನಿಂತಿತು. ಇನ್ನೊಂದು ಸಲ ತಿರುಗಿ ನಿಂತಿತು. ಭಾವ ಎಂಜಿನ್ ಆರಿಸಿ, ಕೀಲಿ ತಿರುಗಿಸಿಟ್ಟು, ಮೀಟರನ್ನು ಯಜಮಾನರ ಕಡೆ ಹಿಡಿದರು. ಪಾಯಿಂಟ್ ಮೂವತ್ತೆಂಟು.

"ನೋಡಿ ಸಾರ್. ಇದನ್ನ ತಣ್ಣಗಿರೋವಾಗ ಕೂರಿಸಿದಾರೆ. ನಾನು ಯಾವತ್ತೂ ಹಿಂಗೆ ಮಾಡಲ್ಲ. ಫ್ಯಾನು ಎರಡು ಸಲ ತಿರುಗೋವರೆಗೂ ನಾನು ಸ್ಕ್ರೂ ಮುಟ್ಟಲ್ಲ."

"ಸಹಿ ನಿಮ್ದೇ ಅಲ್ವಾ?"

"ನಂದೇ. ಸೋಮವಾರ ಎಲ್ಲಾ ಕಾರ್ಡಿಗೂ ಹಾಕಿಡ್ತೀನಿ. ಇವರಿಗೆಲ್ಲ ಗೊತ್ತು."

"ನನಗೆ ಗೊತ್ತಿರ್ಲಿಲ್ಲ" ಅಂದರು ಯಜಮಾನರು. "ಖಾಲಿ ಕಾರ್ಡಿಗೆ ಸಹಿ ಹಾಕಿಡ್ತೀರಾ. ಸರಿ. ನೆನ್ನೆ ಒಂಬತ್ತು ಗಂಟೆಗೆ ಎಲ್ಲಿದ್ರಿ?"

"ಆಸ್ಪತ್ರೇಲಿ. ನಮ್ಮನೆಯವಳನ್ನ ಕರ್ಕೊಂಡು ಹೋಗಿದ್ದೆ."

"ಹಾಜರಿ ಪುಸ್ತಕದಲ್ಲಿ ಎಂಟೂವರೆಗೆ ಸಹಿ ಇದೆಯಲ್ಲ. ಇದು ಸುಳ್ಳೋ, ಅದು ಸುಳ್ಳೋ?"

ಭಾವನ ಹಣೆಯ ಮೇಲೆ ಬೆವರು ಸಾಲಾಗಿ ನಿಂತಿತ್ತು. ಬೇರೆ ದಿನವಾಗಿದ್ದರೆ ಆ ಮನುಷ್ಯ ಇಷ್ಟು ಹೊತ್ತಿಗೆ ಮೀಟರು ನೆಲಕ್ಕೆ ಎಸೆದು ಕೂಗಾಡಿರುತ್ತಿದ್ದರು.

ಯಜಮಾನರು ಸುತ್ತ ನೋಡಿದರು. "ಈ ಫ್ಯಾನು ಎರಡು ಸಲ ತಿರುಗೋ ಕಥೆ ಇಪ್ಪತ್ತೆರಡು ವರ್ಷದಲ್ಲಿ ಯಾರಾದ್ರೂ ಕೇಳಿದೀರಾ? ಇವರು ಹಂಗೆ ಕಾಯೋದನ್ನ ಯಾರಾದ್ರೂ ನೋಡಿದೀರಾ?"

ಸುತ್ತ ನಿಂತವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅವರು ನೋಡಿದ್ದು ಟೈರಿನ ಮೇಲೆ ಕೂತು ಟೀ ಕುಡಿಯುವ ಮನುಷ್ಯನನ್ನು. ಪೇಂಟರೊಬ್ಬ, "ಟೀ ಕುಡಿಯೋದು ನೋಡಿದೀವಿ ಸಾರ್" ಅಂದ. ನಾಲ್ಕು ಜನ ನಕ್ಕರು.

ನಾನು ಹೇಳಬೇಕಾಗಿದ್ದು ಒಂದೇ ವಾಕ್ಯ. ಹೌದು ಸಾರ್, ಅವರು ಯಾವಾಗಲೂ ಕಾಯುತ್ತಾರೆ, ನಾನು ನೋಡಿದ್ದೇನೆ. ಅಷ್ಟು ಸಾಕಾಗಿತ್ತು. ತಪ್ಪು ಮಾಡಿದವನು ನಾನೇ ಅಂತ ಒಪ್ಪಿಕೊಳ್ಳಬೇಕಾಗಿಯೂ ಇರಲಿಲ್ಲ. ಆದರೆ ಅದನ್ನು ಹೇಳಿದರೆ ಮುಂದಿನ ಪ್ರಶ್ನೆ ಏನು ಅಂತ ನನಗೆ ಗೊತ್ತಿತ್ತು: ಹಾಗಾದರೆ ಇದನ್ನು ಮಾಡಿದವರು ಯಾರು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಷ್ಟು ದಡ್ಡನಲ್ಲ. ನಾನು ನನ್ನ ಶೂ ನೋಡುತ್ತ ನಿಂತೆ. ಎಡಗಾಲಿನ ಲೇಸು ಬಿಚ್ಚಿತ್ತು. ಭಾವ ಒಂದು ಸಲ ನನ್ನ ಕಡೆ ನೋಡಿದರು. ನಾನು ತಲೆಯೆತ್ತಲಿಲ್ಲ, ಆದರೂ ನೋಡಿದ್ದು ಗೊತ್ತಾಯಿತು. ಆಮೇಲೆ ಅವರು ಮೀಟರಿನ ವೈರನ್ನು ನೀಟಾಗಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು.

ಯಜಮಾನರು ಅವರನ್ನು ಆ ದಿನವೇ ಕಳಿಸಿದರು. ಬಹಳ ಮರ್ಯಾದೆಯಿಂದ, ನೀವು ತಾವು ಅಂತಲೇ ಮಾತಾಡಿ ಕಳಿಸಿದರು.

ನಮ್ಮ ಊರಿನಲ್ಲಿ ಇರುವ ವರ್ಕ್‌ಶಾಪುಗಳು ಹತ್ತೋ ಹನ್ನೆರಡೋ. ಭಾವ ಒಂದೊಂದಕ್ಕೂ ಹೋದರು. ಅವರಿಗಿಂತ ಮೊದಲು ಸುದ್ದಿ ಹೋಗಿ ಅಲ್ಲಿ ಕೂತಿರುತ್ತಿತ್ತು, ಡಾಕ್ಟರಮ್ಮನ ಮೂಳೆ ಮುರಿದವನು ಅಂತ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಲ್ಲಿ ಹೋದದ್ದು ಪಾಯಿಂಟ್ ಹನ್ನೆರಡು ವೋಲ್ಟಿಗೆ. ಆರು ತಿಂಗಳಾದ ಮೇಲೆ ಆ ಗಾಜಿನ ಗೂಡಿಗೆ ಸೇರಿಕೊಂಡರು.

ಅದಕ್ಕೆ ಮೊದಲು ಒಂದು ಸಂಜೆ ಅಕ್ಕ ನನ್ನ ಮನೆಗೆ ಬಂದಿದ್ದಳು. ಗಂಟಿನ ಆಪರೇಷನ್ನಿನ ಹೊಲಿಗೆ ಇನ್ನೂ ಮಾಸಿರಲಿಲ್ಲ, ಕುತ್ತಿಗೆಗೆ ಸೆರಗು ಸುತ್ತಿದ್ದಳು.

"ನೀನು ಅಲ್ಲೇ ಇದ್ದೀಯಲ್ಲೋ. ಯಜಮಾನರಿಗೆ ಒಂದು ಮಾತು ಹೇಳ್ಬಾರ್ದಾ?"

"ಹೇಳ್ದೆ ಅಕ್ಕ. ಅವರು ಕೇಳ್ಬೇಕಲ್ಲ."

"ಹೇಳ್ದ್ಯಾ? ಸರಿ ಬಿಡು" ಅಂದು ಎದ್ದಳು. ಕಾಫಿ ಇಟ್ಟಿದ್ದೆ, ಕುಡಿಯದೆ ಹೋದಳು.

ನನಗೆ ಭಾವನ ಬೆಂಚು ಸಿಕ್ಕಿತು. ಅವರ ಮೀಟರೂ ಸಿಕ್ಕಿತು. ಯಜಮಾನರು ಸೆನ್ಸರ್ ಬದಲಾಯಿಸು ಅಂದರೆ ಬದಲಾಯಿಸಿದೆ, ಬೇಡ ಅಂದರೆ ಬಿಟ್ಟೆ. ಹೊಸಬರು ಬಂದರು. ಅವರಿಗೆ ಹಳೆಯದೇನೂ ಗೊತ್ತಿರಲಿಲ್ಲ. ಎರಡು ವರ್ಷದಲ್ಲಿ ಅವರು ನನ್ನನ್ನೇ ಪಾಯಿಂಟ್ ಫೈವ್ ಅಂತ ಕರೆಯತೊಡಗಿದರು. ಮೊದಲ ಸಲ ಕೇಳಿದಾಗ ಮೈಯೆಲ್ಲ ಉರಿಯಿತು. ಆಮೇಲಾಮೇಲೆ ಓಗೊಡುವುದು ರೂಢಿಯಾಯಿತು. ನಾಚಿಕೆಗೂ ಮೇಣದ ಗುಂಡಿಯ ಬುದ್ಧಿಯೇ, ಬಿಸಿ ಹತ್ತಿದ ಮೇಲೆ ಹಿಡಿತ ಬಿಡುತ್ತದೆ.

ಆರು ವರ್ಷ ಕಳೆಯಿತು. ಹೋದ ತಿಂಗಳು ಯಜಮಾನರು ವರ್ಕ್‌ಶಾಪು ಮುಚ್ಚುವುದು ಅಂತ ತೀರ್ಮಾನಿಸಿದರು. ಈಗಿನ ಕಾರುಗಳಲ್ಲಿ ತಿರುಗಿಸುವ ಸೆನ್ಸರೇ ಇಲ್ಲ, ನಮ್ಮಂಥವರಿಗೆ ಕೆಲಸವೂ ಇಲ್ಲ. ಕೊನೆಯ ದಿನ ನಾನು ಕೀಲಿಗೊಂಚಲು ಕೊಡಲು ಗಾಜಿನ ಕೋಣೆಗೆ ಹೋದೆ. ಅವರು ಹಳೇ ಕಾಗದ ಹರಿಯುತ್ತ ಕೂತಿದ್ದರು. ಒಳ್ಳೆಯ ಮನಸ್ಥಿತಿಯಲ್ಲಿದ್ದರು.

"ಆ ಡಾಕ್ಟರಮ್ಮನ ಕಾರು ಮಾಡಿದ್ದು ನೀನೇ ಅಲ್ವೇನೋ?" ಅಂದರು ನಗುತ್ತ.

ನಾನು ಬಾಗಿಲ ಕಡೆ ನೋಡಿದೆ.

"ಹೆದರ್ಬೇಡ ಮಾರಾಯ, ಆರು ವರ್ಷ ಆಯ್ತು. ನನಗೆ ಎರಡನೇ ದಿನಾನೇ ಗೊತ್ತು. ಡಾಕ್ಟರಮ್ಮನೇ ಆಸ್ಪತ್ರೆಯಿಂದ ಫೋನ್ ಮಾಡಿ ಹೇಳಿದ್ರು, ಕೀಲಿ ಕೊಟ್ಟಿದ್ದು ಭಾವ ಅಲ್ಲ, ಬಾಮೈದ ಅಂತ. ನಾನೇ ವಿಚಾರಿಸ್ಕೋತೀನಿ ಬಿಡಿ ಅಂದೆ."

"ಮತ್ತೆ... ಭಾವನ್ನ ಯಾಕೆ ಸಾರ್...?"

"ನಿನ್ನ ಭಾವ ದಿನಾ ನನ್ನ ಹತ್ರ ಜಗಳ ಆಡೋನು. ನೀನು ಅವತ್ತು ನಿಂತಿದ್ದು ನೋಡ್ದೆ, ತಲೆ ತಗ್ಗಿಸ್ಕೊಂಡು. ಇವನು ಯಾವತ್ತೂ ತುಟಿ ಬಿಚ್ಚಲ್ಲ ಅಂತ ಗೊತ್ತಾಯ್ತು. ಅಂಗಡಿ ನಡೆಸೋನಿಗೆ ಅಂಥವನೇ ಬೇಕು." ಕೈ ಚಾಚಿ ನನ್ನ ಬೆನ್ನು ತಟ್ಟಿದರು. ಹೊಗಳಿಕೆ ಅದು. ಅವರು ನಿಜವಾಗಿಯೂ ಹೊಗಳುತ್ತಿದ್ದರು.

ಅವರ ಕಾಲರ್ ಹಿಡಿಯಬೇಕಾಗಿತ್ತು. ಕೀಲಿಗೊಂಚಲು ಮೇಜಿನ ಮೇಲಿಟ್ಟು, "ಬರ್ತೀನಿ ಸಾರ್" ಅಂದು ಬಂದೆ.

ಆ ಭಾನುವಾರ ಅಕ್ಕನ ಮನೆಗೆ ಹೋದೆ. ಪಶ್ಚಾತ್ತಾಪದಿಂದ ಹೋದೆ ಅಂತ ಹೇಳಿದರೆ ಕೇಳುವುದಕ್ಕೆ ಚೆನ್ನಾಗಿರುತ್ತದೆ. ಪಶ್ಚಾತ್ತಾಪಕ್ಕೆ ಆರು ವರ್ಷದ ಮುನ್ನೂರು ಭಾನುವಾರಗಳಿದ್ದವು. ಯಜಮಾನರ ಬಾಯಿಂದ ಬೇರೆ ಯಾರಾದರೂ ಕೇಳಿ ಭಾವನಿಗೆ ಮುಟ್ಟಿಸುವ ಮೊದಲು ನಾನೇ ಹೇಳಿಬಿಡೋಣ ಅನ್ನುವುದಷ್ಟೇ ನನ್ನ ಅವಸರ.

ಎರಡು ಕೋಣೆಯ ಮನೆ, ಮೂರನೆಯ ಮಹಡಿ. ಭಾವ ಬನಿಯನ್ನಿನಲ್ಲಿ ಕೂತು ಕೆಟ್ಟುಹೋದ ಟೇಬಲ್ ಫ್ಯಾನೊಂದನ್ನು ಬಿಚ್ಚಿಕೊಂಡಿದ್ದರು. ಪಕ್ಕದ ಮನೆಯವರದಂತೆ. ನೆಲಮಾಳಿಗೆಯ ಹೊಗೆ ಕುಡಿದು ಕೆಮ್ಮು ಹತ್ತಿತ್ತು. ಅಕ್ಕ ತಟ್ಟೆ ಹಾಕಿದಳು. ಊಟದ ಮಧ್ಯೆ ನಾನು ಬಾಯಿಬಿಟ್ಟೆ. ಗುರುವಾರ ಬೆಳಗ್ಗೆ ಡಾಕ್ಟರಮ್ಮ ಬಂದದ್ದು, ನಾನು ಸ್ಕ್ರೂ ತಿರುಗಿಸಿದ್ದು, ಡ್ರಾಯರಿನ ಕಾರ್ಡು, ಹಾಗೇ ತಗೊಂಡು ಹೋದರು ಅಂತ ನಾನು ಸುಳ್ಳು ಹೇಳಿದ್ದು, ಎಲ್ಲ ಹೇಳಿದೆ. ತಟ್ಟೆ ನೋಡಿಕೊಂಡೇ ಹೇಳಿದೆ.

ಭಾವ ಕೂಗಾಡುತ್ತಾರೆ ಅಂದುಕೊಂಡಿದ್ದೆ. ನನಗೆ ಅದೇ ಬೇಕಾಗಿತ್ತು. ಎದ್ದು ಬಂದು ಎರಡು ಬಾರಿಸಿದ್ದರೆ ಇನ್ನೂ ಒಳ್ಳೆಯದಿತ್ತು. ಅವರು ಅನ್ನ ಕಲಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ತುಂಬ ದಿನದಿಂದ ಕೇಳಬೇಕು ಅಂದುಕೊಂಡದ್ದನ್ನು ಕೇಳುವ ಹಾಗೆ ಕೇಳಿದರು:

"ಒಂದು ವಿಷಯ ಮಾತ್ರ ಹೇಳು. ನಿಜ ಹೇಳ್ಬೇಕು. ಬಿಸಿ ಮಾಡ್ಬೇಕು ಅನ್ನೋದು ನಿನಗೆ ಆವತ್ತು ಗೊತ್ತಿತ್ತಾ, ಗೊತ್ತಿರ್ಲಿಲ್ವಾ?"

ಅಕ್ಕ ಸೌಟು ಹಿಡಿದು ಅಲ್ಲೇ ನಿಂತಳು.

ಆಗ ನನಗೆ ಎಲ್ಲ ಅರ್ಥವಾಯಿತು. ಆ ಕಾರ್ಡಿನ ಮೇಲೆ ನನ್ನ ಅಕ್ಷರ ನೋಡಿದ ಕ್ಷಣದಲ್ಲೇ ಅವರಿಗೆ ಗೊತ್ತಾಗಿತ್ತು. ನನ್ನ ಹೆಸರು ಹೇಳದೆ ಇದ್ದದ್ದು ಅಕ್ಕನ ಮುಖ ನೋಡಿಕೊಂಡೂ ಅಲ್ಲ. ಇವನಿಗೆ ನಾನೇ ಹೇಳಿಕೊಟ್ಟಿರಲಿಲ್ಲ, ಮುಚ್ಚಿಟ್ಟುಕೊಂಡೆ, ಅದಕ್ಕೇ ಹೀಗಾಯಿತು ಅಂತ ಆರು ವರ್ಷ ಆ ಗೂಡಿನಲ್ಲಿ ಕೂತು ಚೀಟಿ ಹರಿದಿದ್ದಾರೆ. ಗೊತ್ತಿತ್ತು ಭಾವ ಅಂದುಬಿಟ್ಟರೆ ಆ ಭಾರ ಅವರ ಹೆಗಲಿಂದ ಇಳಿಯುತ್ತಿತ್ತು. ಎರಡು ಶಬ್ದ. ಇಳಿದು ಪೂರ್ತಿ ನನ್ನ ಮೇಲೆ ಬೀಳುತ್ತಿತ್ತು.

"ಗೊತ್ತಿರ್ಲಿಲ್ಲ ಭಾವ" ಅಂದೆ.

ಭಾವ ಉದ್ದಕ್ಕೆ ಒಂದು ಉಸಿರು ಬಿಟ್ಟರು. ಅಕ್ಕನ ಕಡೆ ತಿರುಗಿದರು.

"ನಾನು ಹೇಳ್ತಾನೇ ಇರ್ಲಿಲ್ವೇನೇ ನಿನಗೆ? ನೀನು ಸುಮ್ಸುಮ್ನೆ ತಮ್ಮನ ಮೇಲೆ ಕೋಪ ಇಟ್ಕೊಂಡಿದ್ದೆ. ಅವನಿಗೆ ಗೊತ್ತಿರ್ಲಿಲ್ಲ. ನಾನೇ ಹೇಳ್ಕೊಡ್ಲಿಲ್ಲ. ತಪ್ಪು ನಂದೇ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆರು ವರ್ಷದಲ್ಲಿ ಮೊದಲ ಸಲ ನನ್ನ ಪಕ್ಕ ಬಂದು ಕೂತು, ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು.

ನಾನು ಬೇಡ ಅನ್ನಲಿಲ್ಲ.